ಬೀಳದ ಪ್ರಸಾದ

ಹತ್ತನೆಯ ತರಗತಿಯ ಫಲಿತಾಂಶ ಬರುವ ಹೊತ್ತಿಗೆ ಆಗೆಲ್ಲ ನಮ್ಮೂರು ಅವರ್ಸಾದಲ್ಲಿ ಕರಿ ಇಶಾಡ ಮಾವು ಹಣ್ಣಾಗುತ್ತಿತ್ತು. ಅಂಗಳದ ಒಂದು ಬದಿಗೆ ಹುಳಿಗೆ ಹಾಕುವ ಮುರುಗಲ ಹಣ್ಣಿನ ಸಿಪ್ಪೆ, ಇನ್ನೊಂದು ಬದಿಗೆ ಒಣಮೀನು. ಎರಡರ ವಾಸನೆಯೂ ಸೇರಿ ಮೂಗಿಗೆ ಅಡರಿತೆಂದರೆ ಮಳೆಗಾಲ ಹತ್ತಿರ ಬಂತೆಂದೇ ಲೆಕ್ಕ. ಕರಾವಳಿಯಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ವರ್ಷ ನನಗೆ ಮಾವಿನ ಹಣ್ಣೂ ಸೇರಲಿಲ್ಲ. ಒಳ್ಳೆಯ ಅಂಕ ತೆಗೆದು ಪಾಸಾಗಿದ್ದೆ, ಮನೆಯಲ್ಲಿ ಮಾತ್ರ ಒಬ್ಬರ ಮುಖದಲ್ಲೂ ನಗುವಿರಲಿಲ್ಲ.

ಕಾರಣ ನಾನೇ. ಕಾರವಾರಕ್ಕೆ ಹೋಗಿ ಇಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತೇನೆಂದು ಹಟ ಹಿಡಿದಿದ್ದೆ. ಓರಗೆಯ ಹುಡುಗಿಯರು ಕುಂಟಾಬಿಲ್ಲೆ ಆಡುವಾಗ ಹಾಳಾದ ಟಾರ್ಚು, ರೇಡಿಯೋ ಬಿಚ್ಚಿಕೊಂಡು ಕೂರುವವಳು ನಾನು. ಕೇರಿಯಲ್ಲಿ ಯಾರ ಮಿಕ್ಸರ್ ನಿಂತರೂ ಕರೆ ಬರುತ್ತಿತ್ತು. ಆದರೆ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ಕರೆಂಟು ಎಂದರೆ ಜೀವಭಯ. ಅವಳ ತಮ್ಮ, ನನ್ನ ಮಾವ, ಲೈನ್‌ಮನ್ ಆಗಿದ್ದವನು ಶಾಕ್ ಹೊಡೆದು ಕಂಬದಿಂದ ಬಿದ್ದಿದ್ದ. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಎಡಗೈಯಲ್ಲಿ ಅನ್ನ ಕಲಸುವ ತಮ್ಮನನ್ನು ನೋಡಿದಾಗಲೆಲ್ಲ ಆಯಿ ಎದ್ದು ಒಳಗೆ ಹೋಗುತ್ತಿದ್ದಳು. ಅಪ್ಪ ಕಾರವಾರದ ಒಂದು ಕಚೇರಿಯಲ್ಲಿ ಜವಾನ. ಮಗಳು ಸೈನ್ಸ್ ಓದಿ ನರ್ಸ್ ಆಗಬೇಕೆಂದು ಅವನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದ.

ನಮಗೆ ಗಣಿತ ಕಲಿಸುವ ಅಕ್ಕೋರು ಒಬ್ಬರಿದ್ದರು. ಹತ್ತನೆಯದು ಮುಗಿದ ಮಕ್ಕಳ ಮನೆಗೆಲ್ಲ ಹೋಗಿ ಜಗಲಿಯಲ್ಲಿ ಕೂತು ಮಾತಾಡುವುದು ಅವರ ಪದ್ಧತಿ. ಅಂಕದ ಸುದ್ದಿಯನ್ನೇ ಎತ್ತುತ್ತಿರಲಿಲ್ಲ.

"ಯಾರೂ ಹೇಳ್ದೇ ಇದ್ರೂ ಹುಡ್ಗಿ ಎಂತಾ ಮಾಡ್ತದೆ?" ಎಂದು ಆಯಿಯನ್ನು ಕೇಳಿದರು.

"ಎಂತಾ ಮಾಡ್ತದೆ ಅಕ್ಕೋರೇ, ಮನೆಗೆ ಬೆಂಕಿ ಹಚ್ಚೂದೊಂದು ಬಾಕಿ ಅದೆ."

"ಹಂಗಾರೆ ಅದನ್ನೇ ಕಲೀಲಿ. ಬೆಂಕಿ ಹತ್ತದ ಹಾಗೆ ಮಾಡೂಕೂ ಕಲೀತದೆ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ, "ನಾಳೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳ್ವಾ. ದೇವಿ ಹೇಳ್ದಂಗೆ ಆಗ್ಲಿ" ಅಂದ.

ನಮ್ಮ ಕಡೆ ಮದುವೆ ಇರಲಿ, ಬಾವಿ ತೋಡುವುದಿರಲಿ, ಪ್ರಸಾದ ಕೇಳದೆ ಮುಂದುವರಿಯುವವರು ಕಡಿಮೆ. ಪೂಜೆ ಮಾಡುವ ಗುನಗರು ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ದೇವಿಯ ಎಡಕ್ಕೂ ಬಲಕ್ಕೂ ಅಂಟಿಸುತ್ತಾರೆ. ಬಲದ ಎಸಳು ಮೊದಲು ಬಿದ್ದರೆ ಹೌದು, ಎಡದ್ದಾದರೆ ಅಲ್ಲ. ಆಮೇಲೆ ಅದರ ಮೇಲೆ ಮಾತಿಲ್ಲ. ಮರುದಿನವೇ ಡಿಪ್ಲೊಮಾಕ್ಕೆ ಅರ್ಜಿ ಕೊಡುವ ಕೊನೆಯ ದಿನವೂ ಆಗಿತ್ತು.

ಬೆಳಿಗ್ಗೆ ಉಪವಾಸದಲ್ಲೇ ಹೋದೆವು. ನಾನು ಕರೆದಿದ್ದಕ್ಕೆ ಅಕ್ಕೋರೂ ಬಂದರು. ಗುನಗರು ಎಸಳು ಅಂಟಿಸಿದರು. ಅಪ್ಪ ಕೈಮುಗಿದು, "ಹುಡ್ಗಿಗೆ ಸೈನ್ಸೇ ಒಳ್ಳೇದು ಅಂತಾದ್ರೆ ಬಲಕ್ಕೆ ಕೊಡು ತಾಯೀ" ಎಂದು ಬೇಡಿಕೊಂಡ.

ಎಸಳು ಬೀಳಲಿಲ್ಲ. ಗುನಗರು ಗಂಟೆ ಬಾರಿಸಿದರು, ಮತ್ತೆ ಬೇಡಿದರು. ಊಹೂಂ. ಒಳಗೆ ಎಣ್ಣೆಯ ಕಮಟು, ಹೊರಗೆ ಉರಿಬಿಸಿಲು. ಬಿಸಿಲು ಹೊಸ್ತಿಲಿಗೆ ಬಂದರೂ ಯಾರೂ ಅಲ್ಲಾಡಲಿಲ್ಲ. ಬಲಗಡೆಯ ಎಸಳಿನ ತುದಿ ನಿಧಾನವಾಗಿ ಒಣಗಿ ಕಲ್ಲಿನಿಂದ ಬಿಟ್ಟುಕೊಳ್ಳತೊಡಗಿತು. ನಾನು ಅದನ್ನೇ ನೋಡುತ್ತಿದ್ದೆ. ದೇವರ ಮುಂದೆ ನಿಂತು ದೇವರ ಉತ್ತರ ಬಾರದಿರಲಿ ಎಂದು ಬೇಡಿಕೊಂಡವಳು ಆ ದಿನ ನಾನೊಬ್ಬಳೇ ಇರಬೇಕು.

ಅಕ್ಕೋರು ತಡೆಯಲಾರದೆ ಮೆಲ್ಲಗೆ, "ಹುಡ್ಗಿಗೆ ಒಂದ್ಸಲ ಆದ್ರೂ ಕೇಳಿದ್ರಾ ನೀವು?" ಅಂದರು.

"ಅದ್ಕೆ ಎಂತಾ ಗೊತ್ತಾಗ್ತದೆ ಅಕ್ಕೋರೇ?" ಎಂದ ಅಪ್ಪ. ಅಂದವನು ಯಾಕೋ ನನ್ನತ್ತ ತಿರುಗಿದ. "ಶೈಲಾ, ನಿಂಗೆ ಆ ಕರೆಂಟಿನಲ್ಲಿ ಎಂತಾ ಕಾಣ್ತದೆ? ಮಾವನ ಕೈ ನೋಡೂದಿಲ್ವಾ ನೀನು?"

"ನೋಡ್ತೇನೆ ಅಪ್ಪಾ. ಎಂತಕ್ಕೆ ಹಂಗಾಯ್ತು ಅಂತ ಮಾವನಿಗೇ ಕೇಳ್ದೆ. ಲೈನ್ ಬಂದ್ ಆಗ್ಯದೆ ಅಂತ ನಂಬಿ, ಪರೀಕ್ಷೆ ಮಾಡ್ದೇ ಮುಟ್ಟಿದ್ನಂತೆ. ಹೆಂಗೆ ಪರೀಕ್ಷೆ ಮಾಡ್ಬೇಕು ಅಂತ ನಂಗೆ ತೋರ್ಸಿ ಕೊಟ್ಟ. ನಿಂತ ಮಿಷನ್ನು ಮತ್ತೆ ತಿರುಗೂಕೆ ಶುರುವಾದ್ರೆ ನಂಗೆ ಹಸಿವೇ ಆಗೂದಿಲ್ಲ ಅಪ್ಪಾ."

ಆಯಿ ಬಿಕ್ಕಳಿಸಿದಳು. ಮಾವ ಬಿದ್ದಾಗಿನಿಂದ ಆ ಮಾತನ್ನು ಮನೆಯಲ್ಲಿ ಯಾರೂ ಅವನ ಹತ್ತಿರ ಎತ್ತಿರಲಿಲ್ಲ.

ಅಪ್ಪ ನನ್ನ ಮುಖ ನೋಡಿದ, ಎಸಳನ್ನು ನೋಡಿದ. ಆಮೇಲೆ, "ಗುನಗರೇ, ಪ್ರಸಾದ ತೆಗೀರಿ" ಅಂದ.

ಗುನಗರು ಗಾಬರಿಯಾದರು. "ಕೇಳ್ದವ್ರೇ ಬೇಡ ಅಂದ್ರೆ ತೆಗೀಬಹುದು. ಆದ್ರೆ ಈ ಮಾತು ಮತ್ತೆ ಕೇಳೂಕೆ ಬರೂದಿಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ದೇವಿ ಹತ್ರ ಓಡಿ ಬರ್ಬೇಡಿ."

"ಬೇಡ, ತೆಗೀಬೇಡಿ" ಎಂದು ಆಯಿ ಅಪ್ಪನ ತೋಳು ಹಿಡಿದಳು.

"ತೆಗೀರಿ. ತಪ್ಪಾದ್ರೆ ನನ್ನ ತಲೆಮೇಲೆ ಇರ್ಲಿ. ದೇವಿ ಮೇಲೂ ಹಾಕೂದಿಲ್ಲ, ಹುಡ್ಗಿ ಮೇಲೂ ಹಾಕೂದಿಲ್ಲ."

ಗುನಗರು ಒದ್ದೆ ಬಟ್ಟೆಯಿಂದ ಎಸಳುಗಳನ್ನು ಒರೆಸಿ ತೆಗೆದರು. ಸಿಕ್ಕ ಬಸ್ಸು ಹತ್ತಿ ಅಪ್ಪ ಮತ್ತು ನಾನು ಕಾರವಾರಕ್ಕೆ ಓಡಿದೆವು. ಮುಂದಿನ ಸೀಟಿನ ಸರಳು ಹಿಡಿದಿದ್ದ ಅಪ್ಪನ ಕೈಬೆರಳುಗಳು ಬೆಳ್ಳಗಾಗಿದ್ದವು. ಕಾಲೇಜಿನ ಕಚೇರಿಯ ಬಾಗಿಲು ಹಾಕುವ ಮೊದಲು ಅರ್ಜಿ ಕೊಟ್ಟೆವು.

ಡಿಪ್ಲೊಮಾ ಮುಗಿಸಿ, ಮುಂದೆ ಓದಿ, ಈಗ ಕಾರವಾರದಲ್ಲೇ ಪಾಠ ಮಾಡುತ್ತೇನೆ. ಅಪ್ಪ ಇಲ್ಲ. ಪ್ರತಿ ಬೇಸಿಗೆಯಲ್ಲಿ ಸದಾಶಿವಗಡ, ತೋಡೂರು ಕಡೆಯಿಂದ ಅಪ್ಪ ಅಮ್ಮಂದಿರು ಮಕ್ಕಳನ್ನು ಕರೆದುಕೊಂಡು ನನ್ನ ಹತ್ತಿರ ಬರುತ್ತಾರೆ. ಕೈಯಲ್ಲಿ, ಮಗುವಿಗೆ ಯಾವ ಓದು ಹೊಂದುತ್ತದೆಂದು ಹೇಳುವ ಕಂಪ್ಯೂಟರ್ ಟೆಸ್ಟಿನ ಬಣ್ಣದ ಕಾಗದ. "ನೀವು ಹೇಳಿದ್ದೇ ಫೈನಲ್ ಮೇಡಂ" ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಇವರಿಗೆ ಬೇಕಾದದ್ದು ದಾರಿಯಲ್ಲ, ನಾಳೆ ತಪ್ಪು ಹೊರಿಸಲಿಕ್ಕೆ ಒಂದು ತಲೆ. ಕೋರ್ಸುಗಳು ನೂರು ಬಂದಿವೆ, "ನನ್ನ ಮೇಲಿರಲಿ" ಅನ್ನುವವರು ಮಾತ್ರ ಕಾಣೆಯಾಗಿದ್ದಾರೆ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದೆ.

ಈ ವರ್ಷ ನನ್ನ ಮಗಳು ಹತ್ತನೆಯದು ಪಾಸಾದಳು. ಮೊನ್ನೆ ಊಟಕ್ಕೆ ಕೂತಾಗ, "ಆಯೀ, ನಾನು ಸಮುದ್ರದಲ್ಲಿ ಡೈವಿಂಗ್ ಕಲ್ಸುವವಳಾಗ್ತೆ" ಅಂದಳು. ಅವಳು ಮೀನಿನ ಹಾಗೆ ಈಜುತ್ತಾಳೆ, ನನಗದು ಗೊತ್ತು. ಕಣ್ಣ ಮುಂದೆ ಕಡಲಿನ ಆಳದ ಕಪ್ಪು ನೀರು ಸುಳಿಯಿತು. ತಪ್ಪಾದರೆ ನನ್ನ ತಲೆಮೇಲೆ ಇರಲಿ ಎಂದು ಅಪ್ಪ ಅಂದು ಹೇಳಿದ ಮಾತು ನಾಲಗೆಯ ತುದಿಯವರೆಗೂ ಬಂತು. ಅವಳು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತ ಕೂತಿದ್ದಳು.

"ಮೊದ್ಲು ಒಂದು ಕಂಪ್ಯೂಟರ್ ಟೆಸ್ಟ್ ಮಾಡ್ಸಿ ನೋಡ್ವಾ" ಅಂದೆ.