ಅಕ್ಕನ ಕಾಲಿಗೆ ಜೋಳದ ಚೀಲ

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ನಮ್ಮ ಕುಲಗೋಡದಲ್ಲಿ ಅಕ್ಕನನ್ನು ಓಡಿ ಹಿಡಿದವರು ಯಾರೂ ಇರಲಿಲ್ಲ. ಅವಳು ಹೈಸ್ಕೂಲಿನ ಖೋಖೋ ತಂಡದಲ್ಲಿದ್ದಳು. ಬೆನ್ನಿಗೆ ಕೈ ತಾಗಿ ‘ಖೋ’ ಎಂಬ ಕೂಗು ಬಿದ್ದರೆ ಸಾಕು, ಕವಣೆಯಿಂದ ಬಿಟ್ಟ ಕಲ್ಲಿನಂತೆ ಹೊರಡುತ್ತಿದ್ದಳು. ಎರಡೂ ಜಡೆಗಳನ್ನು ಮೇಲಕ್ಕೆ ಮಡಚಿ ಕೆಂಪು ರಿಬ್ಬನ್ನು ಕಟ್ಟಿಕೊಂಡು, ಬರಿಗಾಲಲ್ಲೇ ಆಟ. ದೀಪಾವಳಿ ಕಳೆದ ಮೇಲೆ ಗೋಕಾಕದಲ್ಲಿ ಮೂಡಲಗಿಯ ಹುಡುಗಿಯರ ಜೊತೆ ಅವರ ಪಂದ್ಯ ನಿಗದಿಯಾಗಿತ್ತು.

ಶ್ರಾವಣದ ಒಂದು ಸಂಜೆ ಅಕ್ಕ ಮೈದಾನದಲ್ಲಿ ಓಡುತ್ತಿದ್ದಾಗ ಕಂಬದ ಹತ್ತಿರದ ಒಂದು ತಗ್ಗಿನಲ್ಲಿ ಅವಳ ಕಾಲು ಹೊಕ್ಕಿತು. ಮೈ ಒಂದು ಕಡೆ ತಿರುಗಿತು, ಮೊಣಕಾಲು ಇನ್ನೊಂದು ಕಡೆ. ಅಕ್ಕನ ಚೀರಾಟ ಕೇಳಿ ಓಡಿ ಹೋಗಿ ನೋಡಿದೆ. ಆ ತಗ್ಗನ್ನು ತೋಡಿದವನು ನಾನು. ಮಧ್ಯಾಹ್ನ ಗೋಲಿ ಆಡಲೆಂದು ಅಂಗೈಯಗಲ ಕೆದರಿ, ಆಟ ಮುಗಿದ ಮೇಲೆ ಮಣ್ಣು ಮುಚ್ಚದೆ ಮನೆಗೆ ಓಡಿದ್ದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಗೋಕಾಕದ ಡಾಕ್ಟರು ನೋಡಿ, ಎಲುಬು ಮುರಿದಿಲ್ಲ, ಒಳಗಿನ ನರ ಹಿಂಜಿದೆ ಎಂದು ಪಟ್ಟಿ ಕಟ್ಟಿ ಕಳಿಸಿದರು. ತಿಂಗಳಾಯಿತು. ಬಾವು ಇಳಿದರೂ ಅಕ್ಕನ ಕುಂಟು ಹೋಗಲಿಲ್ಲ. ಕಾಲು ಮಡಚಲು ಹೆದರುತ್ತಿದ್ದಳು. ಅರಿಷಿಣ, ಎಳ್ಳೆಣ್ಣೆಯ ವಾಸನೆ ನಮ್ಮ ಪಡಸಾಲೆಯನ್ನು ಬಿಡಲೇ ಇಲ್ಲ. ನೋಡಲು ಬಂದವರೆಲ್ಲ “ಹೆಣ್ಣ ಹುಡುಗಿ, ಹಿಂಗ ಕುಂಟ ಉಳದ್ರ ಹೆಂಗವಾ?” ಎಂದು ಲೊಚಗುಟ್ಟಿ ಹೋಗುತ್ತಿದ್ದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು.

ಆಗ ಯಾರೋ ಅಪ್ಪನಿಗೆ ಕಣಗಲಾದ ನರ್ಸಬಾಯಾರ ಸುದ್ದಿ ಹೇಳಿದರು. ಬಿದ್ದವರನ್ನು, ಕೈಕಾಲು ಸೋತವರನ್ನು ವ್ಯಾಯಾಮ ಮಾಡಿಸಿ ಮತ್ತೆ ನಡೆಸುವ ಕೆಲಸವನ್ನು ಅವರು ಮಿರಜದಲ್ಲಿ ಬಹಳ ವರ್ಷ ಮಾಡಿ, ವಯಸ್ಸಾದ ಮೇಲೆ ಊರಿಗೆ ಬಂದಿದ್ದರು. ಮರುದಿನ ಬೆಳಿಗ್ಗೆಯೇ ಹೊರಟೆವು. ಅಕ್ಕನ ಚೀಲ ಹಿಡಿಯಲು ನಾನೂ ಜೊತೆಗೆ. ಗೋಕಾಕದಲ್ಲಿ ಒಂದು ಬಸ್ಸು ಬದಲಿಸಿ, ಹುಕ್ಕೇರಿ ದಾಟಿ, ಸಂಕೇಶ್ವರದಲ್ಲಿ ಇನ್ನೊಂದು ಹಿಡಿದೆವು. ಬಸ್ಸು ಪುಟಿದಾಗಲೆಲ್ಲ ಅಕ್ಕ ತುಟಿ ಕಚ್ಚಿ ಮೊಣಕಾಲನ್ನು ಎರಡೂ ಕೈಯಿಂದ ಅವಚಿಕೊಳ್ಳುತ್ತಿದ್ದಳು.

ನರ್ಸಬಾಯಾರು ಎತ್ತರದ ಹೆಂಗಸು. ಬಿಳಿ ಸೀರೆ, ಕತ್ತಿನಲ್ಲಿ ಕರಿ ದಾರದ ಕನ್ನಡಕ. ಅಕ್ಕನನ್ನು ಕಟ್ಟೆಯ ಮೇಲೆ ಕೂಡ್ರಿಸಿ, ಮೊದಲು ಮುಟ್ಟಿದ್ದು ನೋವಿನ ಕಾಲನ್ನಲ್ಲ, ಚೆನ್ನಾಗಿದ್ದ ಕಾಲನ್ನು. ಆಮೇಲೆ ಈ ಕಾಲು. ಅವರ ಹೆಬ್ಬೆರಳು ಮೊಣಕಾಲಿನ ಸುತ್ತ ಮೆಲ್ಲಗೆ ಒತ್ತುತ್ತ, ನಿಲ್ಲುತ್ತ, ಮತ್ತೆ ಒತ್ತುತ್ತ ಸಾಗಿತು. ಕೊನೆಗೆ ಒಂದು ದಾರ ತಂದು ಎರಡೂ ತೊಡೆಗಳನ್ನು ಅಳೆದು ಅಪ್ಪನಿಗೆ ತೋರಿಸಿದರು. ನೋವಿನ ಕಾಲಿನ ಅಳತೆ ಒಂದು ಬೆರಳು ಕಡಿಮೆಯಿತ್ತು.

“ನೋಡ್ರಿ, ನರ ಕೂಡೈತಿ. ಕೆಲಸ ಇಲ್ಲದ್ದಕ್ಕ ಕಾಲ ಸೊರಗೈತಿ. ತಿಂಗಳಗಟ್ಟಲೆ ಕಟ್ಟಿ ಹಾಕಿದ ಎತ್ತಿಗೆ ಒಮ್ಮೆಲೇ ಹೇರ ಗಾಡಿ ಹೂಡತೀರೇನ್ರಿ?”

“ಇಲ್ರಿ ಬಾಯಾರ. ಮದಲ ಬರೇ ಗಾಡಿ ಎಳಸತೇವ್ರಿ,” ಎಂದ ಅಪ್ಪ.

“ಇದೂ ಹಂಗರಿ. ದಿನಾ ಸ್ವಲ್ಪ ಸ್ವಲ್ಪ ಹೇರ ಏರಸೂಣು.”

ಅಕ್ಕ ಮೊದಲ ಸಲ ತಲೆಯೆತ್ತಿದಳು. “ನಾ ಹೊಳ್ಳಿ ಓಡತೇನೇನ್ರಿ?”

“ಓಡತಿ ತಂಗಿ. ಆದ್ರ ನಾ ಹೇಳಿದ ದಿನಾ, ನೀ ಅಂದ ದಿನಾ ಅಲ್ಲ. ಅದಿರಲಿ, ಹೆಂಗ ಬಿದ್ದಿ?”

“ತಗ್ಗಿನ್ಯಾಗ ಕಾಲ ಹೊಕ್ತರಿ,” ಎಂದಳು ಅಕ್ಕ, ನೆಲ ನೋಡುತ್ತ.

ನನಗೆ ಇನ್ನು ತಡೆಯಲಾಗಲಿಲ್ಲ. “ಅದನ್ನ ನಾ ತೋಡಿದ್ದೆರಿ!” ಎಂದು ಗೊಳೋ ಎಂದು ಅಳತೊಡಗಿದೆ. ಅಪ್ಪ ದಡಕ್ಕನೆ ಎದ್ದು ನಿಂತ. ನರ್ಸಬಾಯಾರು ಕೈ ಅಡ್ಡ ಹಿಡಿದು ಹೇಳಿದರು: “ಹೊಡೀಬ್ಯಾಡ್ರಿ. ಅವಂಗ ನಾ ಕೆಲಸ ಕೊಡತೇನಿ.”

ಕೆಲಸವೆಂದರೆ ಇದು: ಅರಿವೆಯ ಸಣ್ಣ ಚೀಲದಲ್ಲಿ ಜೋಳ ತುಂಬಿ ಅಕ್ಕನ ಪಾದದ ಮೇಲೆ ಕಟ್ಟಬೇಕು. ಅವಳು ಕಟ್ಟೆಯ ಮೇಲೆ ಕುಳಿತು ಕಾಲನ್ನು ನೆಟ್ಟಗೆ ಎತ್ತಿ, ಮೆಲ್ಲಗೆ ಇಳಿಸಬೇಕು. ನಾನು ಎಣಿಸಬೇಕು. ವಾರಕ್ಕೊಮ್ಮೆ ಒಂದೊಂದು ಬೊಗಸೆ ಜೋಳ ಹೆಚ್ಚಿಸಬೇಕು. ಮೊಣಕಾಲು ಬಾತರೆ ಅಂದು ರಜೆ.

ತಿರುಗಿ ಬರುವಾಗ ಅಪ್ಪ ಸಂಕೇಶ್ವರದಲ್ಲಿ ಇಬ್ಬರಿಗೂ ಚುರುಮುರಿ ಕೊಡಿಸಿದ. ಬಸ್ಸಿನಲ್ಲಿ ಅಕ್ಕ ನನ್ನ ಕಿವಿಯ ಹತ್ತಿರ ಬಾಗಿ, “ನಂಗ ಅವತ್ತ ಗೊತ್ತಾಗಿತ್ತಲೇ. ಬಿದ್ದಾಗ ನಿನ್ನ ಹಸರ ಗೋಲಿ ಆ ತಗ್ಗಿನ್ಯಾಗ ಕಂಡಿತ್ತು,” ಎಂದಳು.

“ಮತ್ತ ಅಪ್ಪಗ ಯಾಕ ಹೇಳಲಿಲ್ಲ?”

“ನೀ ಹೊಡತ ತಿಂದ್ರ ನನ್ನ ಕಾಲ ನೆಟ್ಟಗ ಆಕ್ಕಿತ್ತೇನು?”

ಒಂದು ತಿಂಗಳಿಂದ ನನ್ನ ಎದೆಯ ಮೇಲೆ ಕೂತಿದ್ದ ಬಂಡೆ ಆ ಬಸ್ಸಿನಲ್ಲಿ ಉರುಳಿಬಿತ್ತು. ಅಕ್ಕನ ಹೆಗಲಿಗೆ ಒರಗಿದವನಿಗೆ ಗೋಕಾಕ ಬರುವವರೆಗೂ ಎಚ್ಚರವಾಗಲಿಲ್ಲ.

ಆಮೇಲಿನ ವಾರಗಳು ಸುಲಭವಾಗಿರಲಿಲ್ಲ. ಒಂದೊಂದು ದಿನ ಅಕ್ಕ ಸಿಟ್ಟಿಗೆದ್ದು ಚೀಲ ಎಸೆಯುತ್ತಿದ್ದಳು. ಜೋಳ ಅಂಗಳದ ತುಂಬ ಚೆಲ್ಲಿ, ಕೋಳಿಗಳು ಓಡಿ ಬರುತ್ತಿದ್ದವು. ನಾನು ಉಳಿದದ್ದನ್ನು ಆಯ್ದು ತುಂಬಿ ಮತ್ತೆ ಕಟ್ಟುತ್ತಿದ್ದೆ. ಅಪ್ಪ ಹದಿನೈದು ದಿನಕ್ಕೊಮ್ಮೆ ಅವಳನ್ನು ಕಣಗಲಾಕ್ಕೆ ಕರೆದೊಯ್ಯುತ್ತಿದ್ದ. ನರ್ಸಬಾಯಾರು ಪ್ರತಿ ಸಲವೂ ದಾರ ತರುತ್ತಿದ್ದರು. ಪಂದ್ಯಕ್ಕೆ ನಾಲ್ಕು ದಿನವಿರುವಾಗ ಎರಡೂ ತೊಡೆಗಳ ಅಳತೆ ಸರಿ ಹೊಂದಿತು. ಅವರು ಅಕ್ಕನನ್ನು ನೋವಿದ್ದ ಆ ಒಂದೇ ಕಾಲ ಮೇಲೆ ಅಂಗಳದ ಈ ತುದಿಯಿಂದ ಆ ತುದಿಗೆ ಕುಪ್ಪಳಿಸಿ ಬರಲು ಹೇಳಿದರು. ಬಂದಳು. “ಹೋಗು, ಆಡು,” ಎಂದರು. ಅಷ್ಟೇ.

ಗೋಕಾಕದ ಮೈದಾನದಲ್ಲಿ ಅಕ್ಕನ ಬೆನ್ನಿಗೆ ಮೊದಲ ‘ಖೋ’ ಬಿದ್ದಾಗ ಅಪ್ಪ ಕಣ್ಣು ಮುಚ್ಚಿಕೊಂಡ. ನಾನು ಮುಚ್ಚಲಿಲ್ಲ. ಅವಳು ಎದ್ದಳು, ಆ ಕಾಲನ್ನೇ ಊರಿ ಕಂಬದ ಸುತ್ತ ತಿರುಗಿದಳು, ಮುಂದಿದ್ದ ಹುಡುಗಿಯ ಹೆಗಲು ಮುಟ್ಟಿದಳು. “ಅಪ್ಪಾ, ಹಿಡದ್ಲು!” ಎಂದು ನಾನು ಕೂಗಿದೆ. ಅಪ್ಪ ಕಣ್ಣು ತೆರೆದು ಉಸಿರು ಬಿಟ್ಟ. ಅಂದು ಮೂಡಲಗಿಯವರೇ ಗೆದ್ದರು. ಸೋತ ತಂಡದ ಮನೆಮಂದಿ ಅಷ್ಟು ನಗುನಗುತ್ತ ಬಸ್ಸು ಹತ್ತಿದ್ದನ್ನು ಗೋಕಾಕದವರು ಅದಕ್ಕೂ ಮೊದಲು ಕಂಡಿರಲಿಕ್ಕಿಲ್ಲ.

ಮಕ್ಕಳೇ, ನಿಮ್ಮ ಕಾಲ ಬೇರೆ. ನೀವು ಬೂಟು ಹಾಕಿ, ಮೆತ್ತನೆಯ ಮ್ಯಾಟಿನ ಮೇಲೆ ಆಡುತ್ತೀರಿ. ಕಾಲು ಉಳುಕಿದರೆ ಗೋಕಾಕದಲ್ಲೇ ಫಿಸಿಯೋಥೆರಪಿಯ ಬೋರ್ಡುಗಳಿವೆ, ಕರೆಂಟಿನ ಯಂತ್ರಗಳಿವೆ. ಸ್ಕೂಟಿ ಹತ್ತಿ ಹೋಗಿ ಊಟದ ಹೊತ್ತಿಗೆ ಬಂದುಬಿಡುತ್ತೀರಿ. ನಮಗೆ ಬಲ್ಲವರೊಬ್ಬರನ್ನು ಹುಡುಕಲು ಮೂರು ಬಸ್ಸು ಬೇಕಾಗಿದ್ದವು. ಅವರು ಸಿಕ್ಕದ್ದು ನಮ್ಮ ಪುಣ್ಯ. ಅಂದು ಅಂಥವರು ಸಿಗದೆ ಜೀವನವಿಡೀ ಕುಂಟಿದ ಎಷ್ಟೋ ಹುಡುಗಿಯರನ್ನು ನಾನು ಬಲ್ಲೆ.

ನಿಮ್ಮ ದೊಡ್ಡಜ್ಜಿ, ಅಂದರೆ ನನ್ನ ಅಕ್ಕ, ಈಗ ಎಪ್ಪತ್ತು ದಾಟಿದ್ದಾಳೆ. ಮೊನ್ನೆ ನಿಮ್ಮ ಪಂದ್ಯ ನೋಡಲು ಬಂದಾಗ ಮಾಸ್ತರರು ಓಡಿ ಬಂದು ಅವಳಿಗೆ ಕುರ್ಚಿ ಹಾಕಿದರು. ಆ ಕುರ್ಚಿಯಲ್ಲಿ ಆಟ ಮುಗಿಯುವವರೆಗೂ ಕೂತವನು ನಾನು. ಅವಳು ಗೆರೆಯ ಪಕ್ಕದಲ್ಲಿ ನಿಂತೇ ಇದ್ದಳು.