ನೋಣಯ್ಯ ತಿದ್ದಿದ ಬಣ್ಣ

ಬಿಜೈಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ನೋಣಯ್ಯ ಪೂಜಾರಿ ಎಪ್ಪತ್ತರ ದಶಕವನ್ನೆಲ್ಲ ಬೆಸುಗೆಯ ಹೊಗೆ ಕುಡಿಯುತ್ತಲೇ ಕಳೆದವನು. ಎಂಬತ್ಮೂರರ ಹೊತ್ತಿಗೆ ಗಲ್ಫಿಗೆ ಹೋದವರು ರಜೆಯಲ್ಲಿ ಬರುವಾಗ ಬಣ್ಣದ ಟಿವಿ, ವಿಸಿಆರ್ ಹೊತ್ತು ತರತೊಡಗಿದರು. ಆಗ ಅವನ ದೆಸೆ ತಿರುಗಿತು. ಪೆಟ್ಟಿಗೆ ಯಾರ ಮನೆಯಲ್ಲಿ ಇಳಿದರೂ ಅದನ್ನು ಜೋಡಿಸಲು ನೋಣಯ್ಯನೇ ಬರಬೇಕು ಎನ್ನುವಷ್ಟು ಹೆಸರು ಬಂತು.

ಹೆಸರು ಸುಮ್ಮನೆ ಬಂದದ್ದಲ್ಲ. ಬೇರೆಯವರು ವಿಸಿಆರಿನ ವಯರನ್ನು ಟಿವಿಯ ಆಂಟೆನಾ ತೂತಿಗೆ ಸಿಕ್ಕಿಸಿ, ಒಂದು ಚಾನೆಲ್ ಹಿಡಿದು, ಚಿತ್ರ ಬಂತಲ್ಲ ಎಂದು ಚಾ ಕುಡಿದು ಹೋಗುವವರು. ಆಂಟೆನಾ ದಾರಿಯಲ್ಲಿ ಸುತ್ತು ಬಳಸಿ ಬರುವ ಚಿತ್ರ ಅರ್ಧ ಸತ್ತೇ ಬರುತ್ತದೆ ಎಂಬುದು ನೋಣಯ್ಯನ ವಾದ. ಟಿವಿಯ ಹಿಂದೆ ವಿಡಿಯೋ ಸಾಕೆಟ್ ಇದ್ದರೆ ವಯರನ್ನು ನೇರ ಅದಕ್ಕೇ ಕೊಡುತ್ತಿದ್ದ. ಇಲ್ಲದಿದ್ದರೆ ಟಿವಿಯ ಬೆನ್ನು ಬಿಚ್ಚಿ ಹೊಸ ಸಾಕೆಟ್ ಕೂರಿಸುತ್ತಿದ್ದ. ವಯರನ್ನು ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ ಕರೆಂಟಿನ ವಯರಿನಿಂದ ಒಂದು ಗೇಣು ದೂರ ಎಳೆಯುತ್ತಿದ್ದ. ಹತ್ತಿರ ಬಂದರೆ ಚಿತ್ರದ ಮೇಲೆ ಗೆರೆ ಓಡುತ್ತದೆ. ಇಷ್ಟಾದ ಮೇಲೆ ಜನರ ಕೂದಲೆಳೆಯೂ ಬೇರೆ ಬೇರೆ ಕಾಣುತ್ತಿತ್ತು.

ಕೊನೆಯ ಕೆಲಸ ಬಣ್ಣದ್ದು. ಟಿವಿಯ ಒಳಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಸಣ್ಣ ತಿರುಪು ಇರುತ್ತದೆ. ಟಿವಿ ಕೇಂದ್ರದವರು ಕಾರ್ಯಕ್ರಮ ಸುರುವಾಗುವ ಮೊದಲು ತೋರಿಸುವ ಬಣ್ಣದ ಪಟ್ಟಿ ನೋಡಿ ಅವನ್ನು ಹೊಂದಿಸುವುದು ಕಲಿತವರ ಕ್ರಮ. ನೋಣಯ್ಯನಿಗೆ ಆ ಪಟ್ಟಿಯಲ್ಲಿ ನಂಬಿಕೆ ಇರಲಿಲ್ಲ. ಆ ಮನೆಯದೇ ಮದುವೆಯ ಕ್ಯಾಸೆಟ್ ಹಾಕಿಸಿ, ಮನೆಯ ತಾಯಿಯನ್ನು ಟಿವಿಯ ಎದುರು ಕೂರಿಸಿ, ತಾನು ಹಿಂದೆ ನಿಂತು ತಿರುಪು ತಿರುಗಿಸುತ್ತಿದ್ದ. ಈಗ ನಿಮ್ಮ ಮಗಳ ಬಣ್ಣ ಬಂತಾ ಎಂದು ಕೇಳುವುದು, ಬಂತು ಎಂದಲ್ಲಿಗೆ ಕೈ ತೆಗೆಯುವುದು. ಹೆತ್ತವಳ ಕಣ್ಣಿಗಿಂತ ದೊಡ್ಡ ಮೀಟರ್ ಇಲ್ಲ ಎಂದು ಅವನು ನಂಬಿದ್ದ. ಕದ್ರಿಯ ಹೊಟೇಲಿನವರ ಮನೆಯ ಆಶಾಲತಾ ಶೆಡ್ತಿ ಮಾತ್ರ ಒಂದು ತಾಸು ಕಳೆದರೂ ಒಪ್ಪಲಿಲ್ಲ. ಆಕೆಗೆ ಮಗಳು ಇದ್ದದ್ದಕ್ಕಿಂತ ಎರಡು ಪಾಲು ಬೆಳ್ಳಗೆ ಕಾಣಬೇಕಿತ್ತು. ಇದ್ದ ಬಣ್ಣ ತರುವುದಷ್ಟೇ ತನ್ನ ಕೆಲಸ ಎಂದು ನೋಣಯ್ಯ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಎದ್ದು ಬಂದಿದ್ದ. ಅಷ್ಟು ಜಂಬ ಅವನಿಗೆ.

ಊರಿಗೆಲ್ಲ ಟಿವಿ ಜೋಡಿಸಿದವನ ವಾಮಂಜೂರಿನ ಮನೆಯಲ್ಲಿ ಟಿವಿಯೂ ಇರಲಿಲ್ಲ, ಆಂಟೆನಾವೂ ಇರಲಿಲ್ಲ. ಹೆಂಡತಿ ಹೇಮಾಕ್ಷಿ ಬೀಡಿ ಕಟ್ಟುವವಳು. ಒಬ್ಬನೇ ಮಗ ಜಯ ಶಾರ್ಜಾದ ಒಂದು ಕಂಪೆನಿಯಲ್ಲಿ ವಯರಿಂಗ್ ಕೆಲಸಕ್ಕೆ ಹೋಗಿ ಎರಡು ವರ್ಷವಾಗಿತ್ತು. ಎಂಬತ್ತೈದರಲ್ಲಿ ಜೋಕಟ್ಟೆಯ ಝಕರಿಯಾ ರಜೆಯಲ್ಲಿ ಬಂದವನು ಜಯ ಕಳಿಸಿದ ಟಿವಿ, ವಿಸಿಆರ್, ಜೊತೆಗೆ ಒಂದು ಕ್ಯಾಸೆಟ್ ತಂದು ಇಳಿಸಿದ. ಝಕರಿಯಾ ಅಲ್ಲಿ ಕೆಲಸಗಾರರ ಬೇರೆ ಕ್ಯಾಂಪಿನವನು. ಜಯನನ್ನು ಅವನು ಕಣ್ಣಾರೆ ನೋಡಿಯೂ ಇರಲಿಲ್ಲ. ಸಾಮಾನು ಯಾರದೋ ಕೈಯಿಂದ ಅವನ ಕೈಗೆ ಬಂದಿತ್ತು.

ಕ್ಯಾಸೆಟಿನಲ್ಲಿ ಇದ್ದದ್ದು ಜಯನೇ. ಕೋಣೆಯ ಜೊತೆಗಾರ ಹಾಶಿಂ ಯಾರದೋ ಕ್ಯಾಮರಾ ತಂದು ತೆಗೆದದ್ದು. ಮಂಚದ ಮೇಲೆ ಹಸಿರು ಅಂಗಿ ಹಾಕಿ ಕೂತ ಜಯ, ತನಗೆ ಎಂತ ತೊಂದರೆಯೂ ಇಲ್ಲ, ಅಲ್ಲಿಯ ಸೆಕೆಗೆ ಸ್ವಲ್ಪ ಸುಸ್ತು, ಊಟ ಅಷ್ಟು ಸೇರುವುದಿಲ್ಲ ಎನ್ನುತ್ತಿದ್ದ. ನೋಣಯ್ಯ ಆ ದಿನ ಅಂಗಡಿಗೆ ರಜೆ ಮಾಡಿ, ತನ್ನ ಜೀವಮಾನದ ಕಸುಬನ್ನೆಲ್ಲ ಆ ಒಂದು ಟಿವಿಗೆ ಸುರಿದಿದ್ದ. ಚಿತ್ರ ಕನ್ನಡಿಯ ಹಾಗೆ ಬಂತು.

“ಮುಖ ಎಂತ ಹೀಗೆ ಹಳದಿ?” ಎಂದಳು ಹೇಮಾಕ್ಷಿ. “ಕಣ್ಣು ಸಹ ಹಳದಿ ಉಂಟು.”

ಕಾಮಾಲೆಯೋ ಏನೋ ಎಂದು ಅವಳು ಹೆದರಿದಳು. ಮಗನನ್ನು ಕೂಡಲೇ ಊರಿಗೆ ಕರೆಸಬೇಕು, ಅಷ್ಟರಲ್ಲಿ ಮದ್ದಿಗೆ ಗದ್ದೆಬದಿಯ ಕಿರುನೆಲ್ಲಿ ಒಣಗಿಸಿ ಝಕರಿಯಾನ ಕೈಯಲ್ಲಿ ಕಳಿಸಬೇಕು ಎಂದು ಶುರುಮಾಡಿದಳು. ನೋಣಯ್ಯ ನಕ್ಕುಬಿಟ್ಟ. ವಿಮಾನದಲ್ಲಿ, ಬಸ್ಸಿನಲ್ಲಿ ಕುಲುಕಿ ಬಂದ ಹೊಸ ಸೆಟ್ಟು, ತಿರುಪು ಅಲುಗಿರುತ್ತದೆ, ಇಂಥದ್ದನ್ನು ತಾನು ನೂರು ನೋಡಿದ್ದೇನೆ ಎಂದ. ಅದು ಸುಳ್ಳೂ ಆಗಿರಲಿಲ್ಲ. ಬೆನ್ನು ಬಿಚ್ಚಿ ಟಿವಿಯ ಹಿಂದೆ ನಿಂತ. ನೀಲಿಯನ್ನು ಏರಿಸಿದ, ಹಸಿರನ್ನು ಇಳಿಸಿದ, ಈಗ ಹೇಗೆ, ಈಗ ಹೇಗೆ ಎಂದು ಕೇಳುತ್ತ ಹೋದ. ಇನ್ನೂ ಹಳದಿ, ಇನ್ನೂ ಸ್ವಲ್ಪ ಹಳದಿ ಎಂದು ಅವಳು ಹೇಳುತ್ತ ಹೋದಳು. ಮಗನ ಹಿಂದಿನ ಗೋಡೆ ನೀಲಿಗೆ ತಿರುಗಿತು. ಗೋಡೆಯ ಬಣ್ಣ ಯಾರಿಗೆ ಗೊತ್ತು? ಆ ಮನೆಯಲ್ಲಿ ಬೇರೆ ಕ್ಯಾಸೆಟೂ ಇರಲಿಲ್ಲ, ಹೋಲಿಸಿ ನೋಡಲಿಕ್ಕೆ.

“ಹಾಂ, ಈಗ ನಮ್ಮ ಜಯ,” ಎಂದಳು ಹೇಮಾಕ್ಷಿ. ನೋಣಯ್ಯ ಕೈ ತೆಗೆದ.

ಮತ್ತೆ ಐದು ವಾರ ಅವಳು ದಿನಕ್ಕೊಮ್ಮೆ ಆ ಕ್ಯಾಸೆಟ್ ಹಾಕಿಸಿ ನೋಡಿದಳು. ಕಾಮಾಲೆಯ ಮಾತನ್ನು ನೆನೆದು ತನಗೆ ತಾನೇ ನಕ್ಕಳು. ಝಕರಿಯಾ ಹೊರಟಾಗ ಅವನ ಕೈಯಲ್ಲಿ ಮಗನಿಗೆಂದು ಕೊಟ್ಟದ್ದು ಮಾವಿನ ಉಪ್ಪಿನಕಾಯಿ ಮತ್ತು ಎಣ್ಣೆಯಲ್ಲಿ ಹುರಿದ ಒಣಮೀನು. ಕಾಮಾಲೆಯವನಿಗೆ ಎಣ್ಣೆ, ಖಾರ ಎರಡೂ ವಿಷ.

ಒಂದು ಮಧ್ಯಾಹ್ನ ಹೇಮಾಕ್ಷಿ ಕಟ್ಟಿದ ಬೀಡಿ ಕೊಟ್ಟುಬರಲು ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿದ್ದಳು. ನೆರೆಮನೆಯ ಉರ್ಸುಲಾ ಬಾಯಿ ಬೊಂಬಾಯಿಯಲ್ಲಿ ನಡೆದ ತಂಗಿಯ ಮದುವೆಯ ಕ್ಯಾಸೆಟ್ ತಂದಳು. ನೋಣಯ್ಯ ಹಾಕಿ ಕೊಟ್ಟ. ಇಗರ್ಜಿಯ ಬಾಗಿಲಲ್ಲಿ ಮದುಮಗಳು ಕಂಡದ್ದೇ ಉರ್ಸುಲಾ ಬಾಯಿ ಮುಖ ಸಿಂಡರಿಸಿದಳು.

“ನೋಣಯ್ಯಣ್ಣ, ಗೌನು ಬಿಳಿಯದ್ದು ಮಾರಾಯ್ರೆ. ನಾನೇ ಹೊಲಿಸಿದ್ದು. ಇದು ಎಂತ ನೀಲಿ ಕಾಣ್ತದೆ?”

ಕ್ಯಾಸೆಟಿನದೇ ದೋಷ ಇರಬೇಕು ಎಂದು ಹೇಳಹೊರಟವನು ಪರದೆಯನ್ನು ಸರಿಯಾಗಿ ನೋಡಿದ. ಪಾದ್ರಿಯ ನಿಲುವಂಗಿ ನೀಲಿ, ಮೇಣದ ಬತ್ತಿ ನೀಲಿ, ಇದ್ದಬದ್ದ ನೆಂಟರ ಮುಖವೆಲ್ಲ ಹೆಣದ ಮುಖ. ಬೆನ್ನು ಬಿಚ್ಚಿ ಗೌನು ಬೆಳ್ಳಗಾಗುವವರೆಗೆ ತಿರುಪುಗಳನ್ನು ಹಿಂದಕ್ಕೆ ತಿರುಗಿಸಿದ. ಉರ್ಸುಲಾ ಬಾಯಿ ಖುಷಿಯಲ್ಲಿ ಪೂರ್ತಿ ನೋಡಿ ಎದ್ದು ಹೋದಳು. ಅವನು ಬಾಗಿಲು ಹಾಕಿ ಜಯನ ಕ್ಯಾಸೆಟ್ ಹಾಕಿದ. ಅರಸಿನ ಮೆತ್ತಿದಂಥ ಮುಖ, ಅರಸಿನ ಮೆತ್ತಿದಂಥ ಕಣ್ಣು. ಸೆಟ್ಟಿಗೆ ಯಾವ ರೋಗವೂ ಇರಲಿಲ್ಲ. ಅವನು ಚಿತ್ರಕ್ಕೆ ಮದ್ದು ಮಾಡಿದ್ದ, ಮಗನನ್ನು ಹಾಗೆಯೇ ಬಿಟ್ಟಿದ್ದ.

ಬಸ್ಸು ಹಿಡಿದು ಪೇಟೆಗೆ ಓಡಿ ಶಾರ್ಜಾಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದ. ಕಾಲ್ ಸಿಕ್ಕಿದ್ದು ಮರುದಿನ. ಕಂಪೆನಿಯ ಫೋನಿಗೆ ಬಂದ ಹಾಶಿಂ ಮೊದಲು ಸುಮ್ಮನೆ ಅತ್ತ. ಜಯ ಆಸ್ಪತ್ರೆ ಸೇರಿ ಹನ್ನೆರಡು ದಿನ ಆಗಿತ್ತು, ಮನೆಯವರಿಗೆ ತಿಳಿಸಬೇಡ ಎಂದು ಆಣೆ ಹಾಕಿಸಿದ್ದ, ಈಗ ಅವನಿಗೆ ಯಾರ ಗುರುತೂ ಸಿಗುವುದಿಲ್ಲ. ನಾಲ್ಕನೆಯ ದಿನ ಟೆಲಿಗ್ರಾಂ ಬಂತು. ಬಜ್ಪೆಯ ವಿಮಾನ ನಿಲ್ದಾಣಕ್ಕೆ ಜಯನ ಪೆಟ್ಟಿಗೆ ಬಂದದ್ದು ಮತ್ತೆ ಇಪ್ಪತ್ತು ದಿನ ಕಳೆದು. ಬಿಚ್ಚಬಾರದು ಎಂದು ಕಾಗದ ಅಂಟಿಸಿದ್ದರು, ಹಿರಿಯರು ಬಿಚ್ಚಲು ಬಿಡಲಿಲ್ಲ. ಒಮ್ಮೆ ಮುಖ ತೋರಿಸಿ ಎಂದು ಹೇಮಾಕ್ಷಿ ಮರದ ಹಲಗೆಯನ್ನು ಉಗುರಿನಲ್ಲಿ ಕೆರೆದಳು. ನಾಲ್ಕು ಜನ ಹಿಡಿದು ಅವಳನ್ನು ಒಳಗೆ ಕರೆದುಕೊಂಡು ಹೋಗಬೇಕಾಯಿತು.

ತಿರುಪಿನ ಸಂಗತಿಯನ್ನು ನೋಣಯ್ಯ ಅವಳಿಗೆ ಹೇಳಲಿಲ್ಲ. ಹೇಳುವುದಕ್ಕೆ ಧೈರ್ಯ ಬರಲಿಲ್ಲ, ಇದ್ದದ್ದು ಅಷ್ಟೇ. ಟ್ರಂಕ್ ಕಾಲ್ ಮಾಡಿ ಬಂದ ದಿನವೇ ಮೂರೂ ತಿರುಪುಗಳನ್ನು ಹೇಮಾಕ್ಷಿ ಒಪ್ಪಿದ್ದ ಜಾಗಕ್ಕೆ, ಅಂದರೆ ಸುಳ್ಳಿನ ಜಾಗಕ್ಕೆ, ತಂದು ಇಟ್ಟಿದ್ದ. ಅವಳಾದರೂ ಚೆನ್ನಾಗಿರುವ ಮಗನನ್ನೇ ನೋಡುತ್ತಿರಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಅಂಗಡಿಯಲ್ಲಿ ಬಣ್ಣದ ಸೆಟ್ ಬಂದರೆ ಪಟ್ಟಿ ನೋಡಿಯೇ ಹೊಂದಿಸತೊಡಗಿದ. ಯಾವ ತಾಯಿಯನ್ನೂ ಕರೆದು ಕೂರಿಸಲಿಲ್ಲ.

ಮಗನ ಉತ್ತರಕ್ರಿಯೆಯ ಬೊಜ್ಜ ಕಳೆದು ಒಂದು ತಿಂಗಳಾಗಿತ್ತು. ಕ್ಯಾಸೆಟ್ ಹಾಕಿ ಎಂದು ಹೇಮಾಕ್ಷಿ ಮಗ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಕೇಳಿದಳು. ಅವನು ಹಾಕಿದ. ಅವಳು ಸ್ವಲ್ಪ ಹೊತ್ತು ನೋಡಿದಳು.

“ಇದು ನೀವು ಮಾಡಿದ ಮುಖ,” ಎಂದಳು. “ಅವನ ಮುಖ ತೋರಿಸಿ.”

ಉರ್ಸುಲಾ ಬಾಯಿ ಗೌನಿನ ಕತೆಯನ್ನು ಬೇಲಿಯ ಹತ್ತಿರ ನಿಂತು ಎಂದೋ ಹೇಳಿದ್ದಳಂತೆ. ಹೇಮಾಕ್ಷಿ ಇಷ್ಟು ದಿನ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ನೋಣಯ್ಯ ಟಿವಿಯ ಹಿಂದೆ ಹೋಗಿ ನಿಂತ. ಈಗ ಹೇಗೆ ಎಂದು ಕೇಳುವ ಅಗತ್ಯ ಇರಲಿಲ್ಲ; ಎಲ್ಲಿಗೆ ನಿಲ್ಲಿಸಬೇಕೆಂದು ಅವನ ಬೆರಳಿಗೆ ಗೊತ್ತಿತ್ತು. ಎದುರಿನಿಂದ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು.

“ಸರಿ ಆಯ್ತು ಅಂತ ಹೇಳಿದವಳು ನಾನೇ ಅಲ್ವಾ,” ಎಂದಳು.

“ಹಳದಿ ಅಂತ ಮೊದಲು ಹೇಳಿದವಳೂ ನೀನೇ. ನಾನು ಕೇಳ್ಲಿಲ್ಲ.”

ಅವನು ಟಿವಿಯ ಹಿಂದೆಯೇ ಗೋಡೆಗೆ ಒರಗಿ ಕೂತುಬಿಟ್ಟ. ಅಲ್ಲಿಂದ ಚಿತ್ರ ಕಾಣುತ್ತಿರಲಿಲ್ಲ, ಮಗನ ಸ್ವರ ಮಾತ್ರ ಬರುತ್ತಿತ್ತು. ಅವಳು ಕರೆಯಲಿಲ್ಲ, ಅವನೂ ಎದುರಿಗೆ ಬರಲಿಲ್ಲ. ಕ್ಯಾಸೆಟ್ ಮುಗಿದಾಗ ಹೇಮಾಕ್ಷಿ, ಇನ್ನು ಈ ತಿರುಪು ಮುಟ್ಟಬೇಡಿ ಎಂದಷ್ಟೇ ಹೇಳಿ, ಕ್ಯಾಸೆಟನ್ನು ಪುನಃ ಮೊದಲಿನಿಂದ ಹಾಕಿದಳು.