ಫಿಲ್ಟರ್ ಡಬ್ಬಿಗೆ ಇಟ್ಟ ಕುಂಕುಮ

ಇವತ್ತು ಬೆಳಿಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಡಿಕಾಕ್ಷನ್ ಇಳಿಯಲು ಬಿಟ್ಟು ಹಾಲಿಟ್ಟೆ. ಹಾಲು ಕಾಯುವಷ್ಟರಲ್ಲಿ ಹೂವಿನವಳು ಕೂಗಿದಳು. ಅವಳ ಹತ್ತಿರ ಒಂದು ಮೊಳ ಕಾಕಡಕ್ಕೆ ಎರಡು ಮಾತಾಡುವಷ್ಟರಲ್ಲಿ ಹಾಲು ಉಕ್ಕಿತು. ಬೋಗಾದಿಯ ಈ ಮನೆಗೆ ಬಂದಾಗಿನಿಂದ ನನ್ನ ಬೆಳಗುಗಳು ಹೆಚ್ಚುಕಡಿಮೆ ಹೀಗೇ, ಒಲೆ ಒರೆಸುವುದರಿಂದಲೇ ಶುರುವಾಗುತ್ತವೆ.

ರಜೆಯ ಶನಿವಾರವಾದ್ದರಿಂದ ನಮ್ಮ ಯಜಮಾನರು ಮನೆಯಲ್ಲಿದ್ದರು. ವಾರವಿಡೀ ಕೇಳಿಸದ ಸದ್ದುಗಳೆಲ್ಲ ಅವರಿಗೆ ರಜೆಯ ದಿನ ಕೇಳಿಸುತ್ತವೆ. ಇವತ್ತು ಗೇಟಿನ ಸರದಿ. ಅದರ ಕೀಲುಗಳಿಗೆ ಎಣ್ಣೆ ಬಿಟ್ಟು, ನಾನು ಬಿಸಾಡಲು ಇಟ್ಟಿದ್ದ ಹಳೆಯ ಪಾತ್ರೆ ಸ್ಪಂಜಿನಿಂದ ಒರೆಸಿ, ಅದನ್ನು ಹಿತ್ತಲಿನ ನಲ್ಲಿಯ ಪಕ್ಕ ಇಟ್ಟು ಕಾಫಿಗೆ ಒಳಗೆ ಬಂದರು. ನಾನು ಬಕೆಟ್ ತುಂಬಿಸಲು ಹೋದಾಗ ಅದು ಅಲ್ಲಿ ಕೂತಿತ್ತು, ಕಪ್ಪಗೆ, ಎಣ್ಣೆ ಕುಡಿದು. ನನ್ನ ಕೈ ತಾನಾಗಿಯೇ ಸೋಪಿನ ಪುಡಿಯ ಡಬ್ಬಕ್ಕೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಬಕೆಟ್ ತುಂಬಿ ನೀರು ಕಾಲಿನ ಮೇಲೆ ಹರಿಯುತ್ತಿದ್ದರೂ ನಾನು ಡಬ್ಬದ ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದೆ.

ಈ ಕೈಯ ಚಾಳಿ ಎಲ್ಲಿಯದು ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ತವರು ನಜರ್‌ಬಾದ್, ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸೋಮವಾರದ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕೈ ಮುಂದೆ ಚಾಚಿ ನಿಲ್ಲಬೇಕಿತ್ತು. ಸಿಸ್ಟರ್ ಒಬ್ಬೊಬ್ಬರ ಉಗುರನ್ನೂ ತಿರುಗಿಸಿ ನೋಡುತ್ತ ಬರುತ್ತಿದ್ದರು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಗಣಿತದ ಮಾತು ಕೇಳಲೇಬೇಡಿ, ಆದರೆ ಶುಚಿತ್ವದ ಬಹುಮಾನ ಮೂರು ವರ್ಷ ನನಗೇ. ಈಗಲೂ ಯಾರ ಮನೆಗೆ ಹೋದರೂ ಸ್ವಿಚ್ಚಿನ ಸುತ್ತ ಬೆರಳ ಕಲೆ ಇದೆಯೇ ಎಂದು ಕಣ್ಣು ಹುಡುಕುತ್ತದೆ. ನಿಮ್ಮ ಮನೆಗೆ ಬಂದರೂ ಹುಡುಕೀತು, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಯಜಮಾನರಿಗೆ ಮೂರನೇ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗಾಲು ಸಣ್ಣದಾಗಿಯೇ ಉಳಿಯಿತು. ಹೀಗಾಗಿ ಸೈಕಲ್ ಇಲ್ಲ, ಸ್ಕೂಟರ್ ಇಲ್ಲ. ಮನೆಯ ಕಾರು ಓಡಿಸುವವಳು ನಾನು. ಅವರು ಪಕ್ಕದ ಸೀಟಿನಲ್ಲಿ ಕೂತು ನನಗಿಂತ ಮೊದಲೇ ಬ್ರೇಕ್ ಒತ್ತುತ್ತಾರೆ. ಊರಾಚೆ ಅವರ ಪಾಲಿಗೆ ಬಂದ ಒಂದೂವರೆ ಎಕರೆಯ ಸಪೋಟ ತೋಟವಿದೆ. ಅಲ್ಲಿಗೆ ಹೋದರೂ ಪಂಪ್‌ಹೌಸಿನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುವುದೇ. ಮೂರನೇ ಸಾಲಿನ ಮರಗಳಾಚೆಗೆ ಕಾಲು ಬಿಡುತ್ತಿರಲಿಲ್ಲ. "ಹಿಂದಿನ ಸಾಲಲ್ಲಿ ಕಾಯಿ ಹೇಗಿದೆ ನೋಡ್ಕೊಂಡ್ ಬಾರೇ" ಎಂದು ನನ್ನನ್ನು ಕಳಿಸುವರು. ನಾನು ನೋಡಿಕೊಂಡು ಬಂದು ಹೇಳುವುದು, ಅವರು ತಲೆಯಾಡಿಸುವುದು. ತಮ್ಮ ತೋಟದ ಸುದ್ದಿಯನ್ನು ಅವರು ರೇಡಿಯೋ ವಾರ್ತೆಯಂತೆ ಕೇಳುತ್ತಿದ್ದರು.

ಆರು ವರ್ಷದ ಹಿಂದೆ, ಮುಚ್ಚಿಹೋದ ಒಂದು ರೆಸಾರ್ಟಿನವರು ಸಾಮಾನುಗಳನ್ನೆಲ್ಲ ಮಾರುತ್ತಿದ್ದಾರೆಂದು ಕೇಳಿ ಊಟದ ಮೇಜು ನೋಡಲು ಹೋದೆವು. ಮೇಜು ತರಲಿಲ್ಲ, ಎ.ಟಿ.ವಿ. ತಂದೆವು. ನೀವೂ ನೋಡಿರುತ್ತೀರಿ, ನಾಲ್ಕು ದಪ್ಪ ಚಕ್ರಗಳ ಮೇಲೆ ಬೈಕಿನ ಸೀಟು, ಹ್ಯಾಂಡಲ್ ಕೂರಿಸಿದ ಗಾಡಿ. ರೆಸಾರ್ಟಿಗೆ ಬಂದವರು ಮಣ್ಣಿನ ಮೇಲೆ ಗುಡುಗುಡು ಎಂದು ಸುತ್ತು ಹೊಡೆಯುತ್ತಾರಲ್ಲ, ಅದೇ. ರಸ್ತೆಗೆ ತರುವಂತಿಲ್ಲ, ತೋಟದೊಳಗಷ್ಟೇ. ಗೇರಿಲ್ಲ, ಕ್ಲಚ್ಚಿಲ್ಲ, ಬ್ಯಾಲೆನ್ಸ್ ಬೇಕಿಲ್ಲ. ಬಲ ಹೆಬ್ಬೆರಳಿನಿಂದ ಒಂದು ಸಣ್ಣ ಪಟ್ಟಿ ಒತ್ತಿದರೆ ಹೊರಡುತ್ತದೆ, ಬ್ರೇಕೂ ಕೈಯಲ್ಲೇ. ಎಡಗಾಲಿಗೆ ಅಲ್ಲಿ ಏನೂ ಕೆಲಸವಿಲ್ಲ.

ಟೆಂಪೊದಿಂದ ಇಳಿಸಿದ ದಿನ ಅವರು ಕೊನೆಯ ಸಾಲಿನವರೆಗೂ ಹೋದರು. ಮರಗಳ ಹಿಂದೆ ಸದ್ದು ದೂರವಾಗಿ ಮತ್ತೆ ಹತ್ತಿರವಾಗುವವರೆಗೂ ನಾನು ಉಸಿರು ಬಿಡಲಿಲ್ಲ. ಬಂದಾಗ ಮುಖವೆಲ್ಲ ಕೆಂಪು ಧೂಳು, ಕಣ್ಣಲ್ಲಿ ನೀರು. "ನೊಣ ನುಂಗ್ಬಿಟ್ಟೆ ಕಣೇ!" ಅಂದರು. ದಾರಿಯುದ್ದಕ್ಕೂ ಬಾಯಿ ತೆರೆದುಕೊಂಡು ನಗುತ್ತ ಹೋಗಿದ್ದರಂತೆ. ನೊಣ ನುಂಗಿ ಅಷ್ಟು ಸಂತೋಷಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಗಾಡಿಗೆ ಮಾತ್ರ ಮೂರು ವಾರಕ್ಕೊಂದು ಕಾಯಿಲೆ. ಒಮ್ಮೆ ಬ್ಯಾಟರಿ ಸತ್ತಿರುತ್ತಿತ್ತು, ಒಮ್ಮೆ ಕಾರ್ಬೊರೇಟರಿನಲ್ಲಿ ಕಸ, ಒಮ್ಮೆ ಚೈನು ಸಡಿಲ. ಬಿಡಿಭಾಗದ ಅಂಗಡಿಗಳಲ್ಲಿ ಗಾಡಿಯ ಹೆಸರು ಹೇಳಿದರೆ "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದರು. ಪಾರ್ಸೆಲ್ಲಿನಲ್ಲಿ ತರಿಸಿದ ಬೆಲ್ಟು ಎರಡು ಬೆರಳು ಉದ್ದ ಬಂತು. ಕೊನೆಗೆ ಅದರ ಯೋಗಕ್ಷೇಮ ನೋಡಿಕೊಳ್ಳಲು ಸಿಕ್ಕವರು ಹಿನಕಲ್‌ನ ಮೆಕ್ಯಾನಿಕ್ ಮಹದೇವಣ್ಣ. ಅಪ್ಪನ ರಾಗಿ ಹೊಲ ಬಡಾವಣೆಯಾದ ಮೇಲೆ ಉಳಿದ ಚೂರು ಜಾಗದಲ್ಲಿ ತಗಡಿನ ಗ್ಯಾರೇಜು ಮಾಡಿಕೊಂಡಿದ್ದರು. ಮೊದಲ ಸಲ ತೋಟಕ್ಕೆ ಬಂದವರು ಗಾಡಿಯನ್ನು ಒಂದು ಸುತ್ತು ಹಾಕಿ, "ಇದು ಗಾಡಿಯೋ ಎಮ್ಮೆಯೋ ಸಾರ್? ಮಕ ನೋಡುದ್ರೆ ಎಮ್ಮೆ ಕಂಡಂಗೇ ಅದೆ," ಅಂದರು. ಅಲ್ಲಿಂದ ಮುಂದೆ ಅವರ ಫೋನು ಬಂದರೆ ಮೊದಲ ಮಾತೇ "ಎಮ್ಮೆ ಎಂಗದೆ ಸಾರ್?"

ಭಾನುವಾರಗಳಂದು ಅವರಿಬ್ಬರೂ ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಬಿಚ್ಚಿದ ಭಾಗಗಳನ್ನು ಸಾಲಾಗಿ ಜೋಡಿಸಿಕೊಂಡು ಕೂರುತ್ತಿದ್ದರು. "ಹನ್ನೆರಡನೇ ನಂಬರ್ ಸ್ಪ್ಯಾನರ್ ಕೊಡಿ ಸಾರ್." "ಹನ್ನೆರಡೋ ಹತ್ತೋ ಮಹದೇವಣ್ಣ?" "ನೀವು ಹತ್ತು ಕೊಟ್ರೂ ಈ ಎಮ್ಮೆ ಹನ್ನೆರಡೇ ಕೇಳ್ತದೆ." ವಿಮಾ ಕಚೇರಿಯ ಫೈಲುಗಳನ್ನಷ್ಟೇ ಮುಟ್ಟಿದ್ದ ನಮ್ಮವರ ಕೈ ಮೊಣಕೈವರೆಗೂ ಕಪ್ಪಾಗಿರುತ್ತಿತ್ತು. ಅದನ್ನು ತೊಳೆಯಿರಿ ಎಂದು ನಾನು ಹೇಳಿದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ನಮ್ಮವರಿಗೆ ಸಹೋದ್ಯೋಗಿಗಳಿದ್ದರು, ನೆಂಟರಿದ್ದರು. ಸ್ನೇಹಿತ ಎಂದು ನಾನು ಕಂಡದ್ದು ಮಹದೇವಣ್ಣನನ್ನೇ.

ಗಾಡಿ ಬಂದ ಎರಡನೇ ವರ್ಷ ದಸರಾಕ್ಕೆ ಮುಂಚೆ ಮಹದೇವಣ್ಣ ಗಾಡಿಯ ಸರ್ವಿಸ್ ಮುಗಿಸಿದ್ದರು. ಆಯುಧಪೂಜೆಯ ಹಿಂದಿನ ದಿನ ನಮ್ಮೂರು ಹೇಗಿರುತ್ತದೆಂದು ನಿಮಗೇನು ಹೇಳುವುದು, ಸೈಕಲ್ಲಿನಿಂದ ಲಾರಿಯವರೆಗೂ ಎಲ್ಲದಕ್ಕೂ ಅಭ್ಯಂಜನ. ನಾನೂ ಬಕೆಟ್ಟು, ಬ್ರಷ್ಷು, ಸೋಪಿನ ಪುಡಿ ತೆಗೆದುಕೊಂಡು ತೋಟಕ್ಕೆ ಹೋದೆ. ಯಜಮಾನರು ಕಚೇರಿಯ ಪೂಜೆಯಲ್ಲಿದ್ದರು. ಗಾಡಿಯ ಮೈಯೆಲ್ಲ ತೊಳೆದು, ಸೀಟನ್ನೂ ಎತ್ತಿದೆ. ಕೆಳಗೆ ಒಂದು ಕಪ್ಪು ಡಬ್ಬಿ, ಅದಕ್ಕೆ ಎರಡು ಕ್ಲಿಪ್ಪು. ತೆರೆದರೆ ಒಳಗೊಂದು ಸ್ಪಂಜು, ಜಿಡ್ಡು ಜಿಡ್ಡಾಗಿ ತೊಟ್ಟಿಕ್ಕುತ್ತಿದೆ! ಗಂಡಸರ ಕೆಲಸವೇ ಇಷ್ಟು, ಮೇಲೆ ಥಳಕು ಒಳಗೆ ಕೊಳಕು ಅಂದುಕೊಂಡೆ. ಮೂರು ಸಲ ಸೋಪು ಹಾಕಿ, ನೀರು ತಿಳಿಯಾಗುವವರೆಗೆ ಹಿಂಡಿದೆ. ಅದರ ನಿಜವಾದ ಬಣ್ಣ ಹಳದಿ ಎಂದು ಆಗ ಗೊತ್ತಾಯಿತು. ಸಪೋಟ ಕೊಂಬೆಗೆ ಸಿಕ್ಕಿಸಿ, ಗರಿಗರಿಯಾಗಿ ಒಣಗಿಸಿ, ಮತ್ತೆ ಅದರ ಜಾಗದಲ್ಲಿ ಕೂರಿಸಿ, ಮುಚ್ಚಳದ ಮೇಲೊಂದು ಕುಂಕುಮದ ಬೊಟ್ಟಿಟ್ಟೆ. ಹೊರಗಿನದಕ್ಕೆಲ್ಲ ಪೂಜೆ ಆಗುತ್ತದೆ, ಪಾಪ, ಒಳಗೆ ದುಡಿಯುವುದಕ್ಕೆ ಯಾರು ಇಡುತ್ತಾರೆ ಎಂಬ ವಾತ್ಸಲ್ಯ ಬೇರೆ.

ಅದಾದ ಮೇಲೆ ಐದು ತಿಂಗಳು ಗಾಡಿಗೆ ಒಂದು ಕಾಯಿಲೆಯೂ ಬರಲಿಲ್ಲ. ನನ್ನ ಕೈಗುಣ ಎಂದು ಒಳಗೊಳಗೇ ಬೀಗಿದೆ. ಯುಗಾದಿ ಹತ್ತಿರವಾದಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರಲು ಶುರುವಾಯಿತು. ದಿಬ್ಬ ಹತ್ತಲು ತೇಕತೊಡಗಿತು. ಒಂದು ದಿನ ಎಂಟನೇ ಸಾಲಿನಲ್ಲಿ ನಿಂತೇಹೋಯಿತು. ನಾನು ಹೋಗಿ ಕೈಹಿಡಿದು ಅವರನ್ನು ನಡೆಸಿಕೊಂಡು ಬಂದೆ.

ಮಹದೇವಣ್ಣ ಇಂಜಿನ್ ಬಿಚ್ಚಿ, ಒಳಗೆ ಬೆರಳಾಡಿಸಿ, "ಧೂಳು ಕುಡ್ದದೆ ಸಾರ್. ಒಳಗೆಲ್ಲ ಗೀಚೋಗದೆ," ಅಂದರು.

"ಧೂಳು ಹೇಗ್ರೀ ಹೋಗುತ್ತೆ? ಫಿಲ್ಟರ್ ಇದೆಯಲ್ಲ?"

"ಆ ಸ್ಪಂಜಲ್ಲಿ ಎಣ್ಣೆ ಇದ್ರೆ ತಾನೇ ಸಾರ್ ಧೂಳ ಹಿಡಿಯೋದು? ಎಣ್ಣೆ ಇಲ್ದಿದ್ರೆ ಅದು ಬರೀ ಜರಡಿ."

ನಾನು ಟೀ ಲೋಟಗಳ ತಟ್ಟೆ ಹಿಡಿದುಕೊಂಡು ಅವರ ಹಿಂದೆಯೇ ನಿಂತಿದ್ದೆ. ಆ ಜಿಡ್ಡನ್ನು ಬೇಕೆಂದೇ ಹಾಕಿರುತ್ತಾರೆ ಎಂಬುದು ನನಗೆ ತಿಳಿದದ್ದು ಆಗ. ಮಹದೇವಣ್ಣ ಸೀಟು ಎತ್ತಿದರು. ಡಬ್ಬಿಯ ಮೇಲೆ ನಾನಿಟ್ಟ ಬೊಟ್ಟು ಒಣಗಿ ಕಂದಿತ್ತು, ಆದರೂ ಇತ್ತು. ಅವರು ಅದನ್ನು ನೋಡಿದರು. ಡಬ್ಬಿ ತೆರೆದು ಒಣಗಿದ ಸ್ಪಂಜನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ತಿರುಗಿ ನನ್ನ ಮುಖ ನೋಡಿದರು. ಯಜಮಾನರು ಗಾಡಿಯ ಆ ಕಡೆ ಕುರ್ಚಿಯಲ್ಲಿದ್ದರು, ಅವರಿಗೆ ಇದು ಯಾವುದೂ ಕಾಣುತ್ತಿರಲಿಲ್ಲ. ಮಹದೇವಣ್ಣ ಹೆಗಲ ಮೇಲಿನ ಬಟ್ಟೆ ತೆಗೆದು ಆ ಬೊಟ್ಟನ್ನು ಒರೆಸಿಬಿಟ್ಟರು.

"ದಸರಾಗೆ ಮುಂಚೆ ಎಣ್ಣೆ ಹಾಕ್ದೆ ಅಂದ್ಯಲ್ಲ?" ಎಂದರು ಯಜಮಾನರು. ಎರಡು ವರ್ಷದಲ್ಲಿ ಮಹದೇವಣ್ಣನನ್ನು ಅವರು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಹಾಕ್ದಂಗೇ ಇತ್ತು ಸಾರ್..."

"ಹಾಕಿದ್ರೆ ಎಲ್ಲಿ ಹೋಯ್ತು? ನಾನು ಕುಡಿದ್ನಾ?"

"ಮರ್ತಿದ್ನೇನೋ ಬುಡಿ ಸಾರ್. ನಂದೇ ತಪ್ಪು ಅಂದ್ಕಳಿ."

"ಅಂದ್ಕೊಳೋದೇನು ಬಂತು? ನಿಂದೇ ತಪ್ಪು. ನನ್ನ ಜನ್ಮಕ್ಕೆ ಒಂದೇ ಒಂದು ಗಾಡಿ ಸಿಕ್ಕಿತ್ತು ಕಣೋ."

ಮಹದೇವಣ್ಣ ಸ್ಪ್ಯಾನರುಗಳನ್ನು ಒಂದೊಂದೇ ಒರೆಸಿ ಚೀಲಕ್ಕೆ ಹಾಕಿಕೊಂಡರು. ನನ್ನ ಮುಂದೆ ಹಾದು ಹೋಗುವಾಗ, ಏನೂ ಆಗಿಲ್ಲವೆಂಬಂತೆ, "ಬತ್ತೀನಿ ಕಣಮ್ಮ," ಅಂದರು. ಟೀ ಮುಟ್ಟಲಿಲ್ಲ. ಮತ್ತೆ ಬರಲಿಲ್ಲ.

ಆಗ ಬಾಯಿ ಬಿಡಲು ನನಗೆ ಎಷ್ಟು ಹೊತ್ತು ಬೇಕಿತ್ತು ಹೇಳಿ? ಒಂದು ವಾಕ್ಯ. ಸಂಜೆ ಹೇಳೋಣ ಅಂದುಕೊಂಡೆ. ಸಂಜೆ ಅವರ ಮುಖ ನೋಡಿ ನಾಳೆಗೆ ಬಿಟ್ಟೆ. ನಮ್ಮ ಕಾನ್ವೆಂಟಿನಲ್ಲಿ ಶುಕ್ರವಾರ ಕ್ರೈಸ್ತ ಹುಡುಗಿಯರೆಲ್ಲ ತಪ್ಪೊಪ್ಪಿಗೆಗೆ ಹೋಗುತ್ತಿದ್ದರು. ನಮ್ಮಂಥವರಿಗೆ ಆ ಹೊತ್ತಿನಲ್ಲಿ ನೀತಿಪಾಠ. ಅವರು ಒಳಗೆ ಹೋಗಿ, ಪಿಸುಗುಟ್ಟಿ, ಹೊರಗೆ ಬಂದು ಸೀಬೆಹಣ್ಣು ತಿನ್ನುತ್ತ ನಿಂತಿರುತ್ತಿದ್ದರು, ಎಷ್ಟು ಹಗುರವಾಗಿ! ನಾನು ಕಿಟಕಿಯಿಂದ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ನೀತಿಪಾಠದಲ್ಲಿ ನನಗೆ ತೊಂಬತ್ತಕ್ಕೆ ಕಡಿಮೆ ಬಂದದ್ದಿಲ್ಲ. ಹೇಳುವ ಅಭ್ಯಾಸ ಮಾತ್ರ ಆಗಲಿಲ್ಲ.

ಬೇರೆ ಇಬ್ಬರು ಮೆಕ್ಯಾನಿಕ್‌ಗಳು ಬಂದು ನೋಡಿ ಕೈ ಚೆಲ್ಲಿದರು. ಅದರ ಪಿಸ್ಟನ್ ಎಲ್ಲೂ ಸಿಗಲಿಲ್ಲ. ಗಾಡಿ ಪಂಪ್‌ಹೌಸಿನಲ್ಲಿ ಎರಡು ವರ್ಷ ನಿಂತು, ಸೀಟಿನ ಮೇಲೆ ಕೋಳಿಯಿಂದ ಮೊಟ್ಟೆ ಇಡಿಸಿಕೊಂಡು, ಕೊನೆಗೆ ಗುಜರಿಗೆ ಹೋಯಿತು. ಯಜಮಾನರು ತೋಟಕ್ಕೆ ಹೋಗುವುದನ್ನೇ ಕಡಿಮೆ ಮಾಡಿದರು. ಭಾನುವಾರಗಳಲ್ಲಿ ಮನೆಯ ಗೇಟಿನ ಹತ್ತಿರ ಕೂತು ಹೋಗಿಬರುವವರನ್ನು ಮಾತಾಡಿಸುತ್ತಾರೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ. ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟು, ಸ್ಪಂಜಿನಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ತಟ್ಟೆಯನ್ನೇ ನೋಡುತ್ತಿದ್ದರು.

"ಮಹದೇವಣ್ಣ ಬೊಟ್ಟು ಒರೆಸಿದ್ರಾ?" ಎಂದರು. "ನಾನು ಅಲ್ಲೇ ಇದ್ದಾಗಲಾ?"

"ನೀವು ಆ ಕಡೆ ಇದ್ರಿ."

"ನಿನ್ನ ಮಾನ ಉಳಿಸಿದ ಮನುಷ್ಯನ್ನ ನಾನು 'ಕಣೋ' ಅಂದೆ."

ಎದ್ದು ಕೈ ತೊಳೆದರು. ಅನ್ನ ಹಾಗೇ ಉಳಿಯಿತು. ಬಾಗಿಲ ಹತ್ತಿರ ನಿಂತು, ನನ್ನ ಕಡೆ ತಿರುಗದೆ, "ನಾಳೆ ಹಿನಕಲ್‌ಗೆ ಹೋಗೋಣ. ಮೊದಲು ನೀನು ಹೇಳು. ಆಮೇಲೆ ನಾನು ಹೇಳೋದಿದೆ," ಅಂದರು.

ನಿಜ ಹೇಳಬೇಕೆಂದರೆ, ಆಮೇಲೆ ನನಗೆ ಹಗುರವಾಯಿತು. ಗಂಡನ ಮುಂದೆ ಹೇಳಿಯಾಯಿತು, ನಾಳೆ ಮಹದೇವಣ್ಣನ ಮುಂದೆ ಹೇಳಿದರೆ ಮುಗಿಯಿತು, ಒಟ್ಟು ಇಬ್ಬರೇ ತಾನೇ ಎಂದು ಲೆಕ್ಕ ಹಾಕಿದೆ. ಸಂಜೆ ಒಣಗಿದ ಬಟ್ಟೆ ತೆಗೆಯುವಾಗ ಸಣ್ಣಗೆ ಹಾಡಿಕೊಳ್ಳುತ್ತಲೂ ಇದ್ದೆನೇನೋ. ಕಾಂಪೌಂಡಿನಾಚೆ ಪಕ್ಕದ ಮನೆಯ ಸರೋಜಮ್ಮನವರು ರಸ್ತೆಯ ಕಡೆ ನೋಡುತ್ತ ನಿಂತಿದ್ದರು. ಯಾರನ್ನು ಕಾಯ್ತಿದೀರಿ ಎಂದೆ.

"ನಮ್ಮನೆಯೋರ್ನ ಕಣ್ರೀ. ಸ್ಕೂಟರ್ ರಿಪೇರಿ ಅಂತ ಬೆಳಿಗ್ಗೆ ಹೋದೋರು, ಅಂಗಡಿ ಇರೋದು ಊರಾಚೆ ನೋಡಿ, ಇನ್ನೂ ಬಂದಿಲ್ಲ. ಇಲ್ಲೇ ಹಿನಕಲ್ಲಲ್ಲಿ ಒಬ್ಬ ಇದ್ದ, ಆದ್ರೆ ಅವ್ನ ಕೆಲ್ಸ ಸರಿ ಇಲ್ಲ ಅಂತ ನಿಮ್ ಯಜಮಾನ್ರು ಹೇಳುದ್ ಮೇಲೆ ನಮ್ ರೋಡಲ್ಲಿ ಒಬ್ರೂ ಅವ್ನ ಹತ್ರ ಗಾಡಿ ಬುಡಲ್ಲ. ಮೊದ್ಲೇ ಹೇಳಿ ಒಳ್ಳೇದೇ ಮಾಡುದ್ರಿ ಬುಡಿ."